ರೈಲಿನ ಹೆಸರಿಲ್ಲದ ಟಿಕೆಟ್

ಸ್ವಿಟ್ಜರ್ಲೆಂಡಿನ ಕೂರ್ ಊರಿನಿಂದ ಇಟಲಿಯ ಗಡಿಯೊಳಗಿನ ತಿರಾನೊಗೆ ಟಿಕೆಟ್ ಬುಕ್ ಮಾಡಿ ದುಡ್ಡು ಕಟ್ಟಿದರೆ ಮೊಬೈಲಿಗೆ ಬಂದು ಬೀಳುವುದು ಒಂದೇ ಒಂದು ಪುಟ. ಪ್ರಯಾಣಿಕರ ಹೆಸರು, ಹುಟ್ಟಿದ ತಾರೀಖು, ಪ್ರಯಾಣದ ದಿನ, ಎಲ್ಲಿಂದ ಎಲ್ಲಿಗೆ, ಯಾವ ದಾರಿಯಾಗಿ, ಯಾವ ದರ್ಜೆ, ಪಕ್ಕದಲ್ಲೊಂದು ಕ್ಯೂಆರ್ ಕೋಡ್. ಅಷ್ಟೆ. ರೈಲಿನ ನಂಬರಿಲ್ಲ, ಹೆಸರಿಲ್ಲ, ಬೋಗಿಯಿಲ್ಲ, ಸೀಟಿಲ್ಲ, ಹೊರಡುವ ಗಂಟೆಯೂ ಇಲ್ಲ. 60 ದಿನ ಮೊದಲೇ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ಮುಂದೆ ಕೂತು, ವೇಟಿಂಗ್ ಲಿಸ್ಟು ಆರ್‌ಎಸಿಗೆ ಇಳಿಯಿತೇ, ಆರ್‌ಎಸಿ ಕನ್ಫರ್ಮ್ ಆಯಿತೇ ಎಂದು ಚಾರ್ಟ್ ಬರುವವರೆಗೆ ಕಾಯುವ ನಮಗೆ ಇದು ಅರ್ಧ ಕೆಲಸ ಮಾಡಿ ಕೈಬಿಟ್ಟ ಹಾಗೆ ಕಾಣುತ್ತದೆ. ಕೆಲಸ ಪೂರ್ತಿಯೇ ಆಗಿರುತ್ತದೆ. ಆ ದಿನ ಆ ದಾರಿಯಲ್ಲಿ ಓಡುವ ಸಾಮಾನ್ಯ ರೈಲುಗಳಲ್ಲಿ ಯಾವುದನ್ನಾದರೂ ಹತ್ತಬಹುದು, ನಡುವೆ ಎಲ್ಲಿ ಬೇಕಾದರೂ ಇಳಿಯಬಹುದು, ಮುಂದಿನ ರೈಲಿಗೆ ಮತ್ತೆ ಹತ್ತಬಹುದು. ಪರದೇಶದಲ್ಲಿ ನಾನು ಕೊಂಡ ಟಿಕೆಟುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಇಂಥ ಟಿಕೆಟ್ ಕೊಡುವ ಧೈರ್ಯ ಅವರಿಗೆ ಬಂದದ್ದು ವೇಳಾಪಟ್ಟಿಯಿಂದ. 1982ರಲ್ಲಿ ಸ್ವಿಸ್ ರೈಲ್ವೆ ಇಡೀ ದೇಶಕ್ಕೆ ಗಂಟೆಗೊಂದು ರೈಲು ಎಂಬ ಪದ್ಧತಿ ತಂದಿತು. ಎಂಟು ಗಂಟೆ ಏಳು ನಿಮಿಷಕ್ಕೆ ಒಂದು ರೈಲು ಹೊರಟರೆ ಒಂಬತ್ತು ಏಳಕ್ಕೆ, ಹತ್ತು ಏಳಕ್ಕೆ, ಹೀಗೆ ರಾತ್ರಿಯವರೆಗೂ ಅದೇ ನಿಮಿಷಕ್ಕೆ ಒಂದೊಂದು. 2004ರ ಡಿಸೆಂಬರ್‌ನಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದರು. ಜ್ಯೂರಿಕ್‌ನಂಥ ದೊಡ್ಡ ಜಂಕ್ಷನ್ನಿಗೆ ನಾಲ್ಕೂ ದಿಕ್ಕಿನ ರೈಲುಗಳು ಗಂಟೆ ತುಂಬುವುದಕ್ಕೆ ಸ್ವಲ್ಪ ಮೊದಲು ಬಂದು ನಿಲ್ಲುತ್ತವೆ, ಗಂಟೆ ಹೊಡೆದ ಮೇಲೆ ಒಂದರ ಹಿಂದೊಂದು ಹೊರಡುತ್ತವೆ. ನಡುವಿನ ಆ ಕೆಲವು ನಿಮಿಷಗಳಲ್ಲಿ ಜನ ಇದರಿಂದ ಅದಕ್ಕೆ ಬದಲಿಸಿಕೊಳ್ಳುತ್ತಾರೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ ಎಂಬ ಭರವಸೆಯಿರುವ ಕಡೆ ಸೀಟು ಹಿಡಿದಿಡುವ ಅಗತ್ಯವೇ ಕಡಿಮೆ.

ಜ್ಯೂರಿಕ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಗಡಿಯಾರ ನೋಡುವುದೇ ಒಂದು ಸುಖ. 1944ರಲ್ಲಿ ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ ರೂಪಿಸಿದ ಗಡಿಯಾರವದು. ಬಿಳಿ ಮುಖ, ಅಂಕಿಗಳ ಬದಲು ಕಪ್ಪು ಪಟ್ಟಿಗಳು, ಆಮೇಲೆ ಸೇರಿಸಿದ ಕೆಂಪು ಸೆಕೆಂಡ್ ಮುಳ್ಳು. ಆ ಮುಳ್ಳಿನ ತುದಿಯಲ್ಲಿ ರೈಲು ಬಿಡುವ ಅಧಿಕಾರಿ ಎತ್ತಿ ಹಿಡಿಯುವ ಬಿಲ್ಲೆಯಂಥ ಗುಂಡು. ಅದು ಸುಮಾರು 58 ಸೆಕೆಂಡಿನಲ್ಲೇ ಸುತ್ತು ಮುಗಿಸಿ ಮೇಲೆ ಬಂದು ನಿಂತುಬಿಡುತ್ತದೆ. ಕೇಂದ್ರ ಗಡಿಯಾರದ ಸಂಕೇತ ಬಂದ ಕೂಡಲೇ ನಿಮಿಷದ ಮುಳ್ಳು ಒಂದು ಮನೆ ಜಿಗಿಯುತ್ತದೆ, ಕೆಂಪು ಮುಳ್ಳು ಮತ್ತೆ ಹೊರಡುತ್ತದೆ. ದೇಶದ ಎಲ್ಲ ಸ್ಟೇಷನ್ನುಗಳೂ ಒಟ್ಟಿಗೆ ಒಂದೇ ನಿಮಿಷಕ್ಕೆ ಕಾಲಿಡಲಿ ಎಂದು ಮಾಡಿದ ಏರ್ಪಾಡು. ಟಿಕೆಟಿನಲ್ಲಿ ಗಂಟೆ ಬರೆಯದೆ ಬಿಟ್ಟವರ ಆತ್ಮವಿಶ್ವಾಸ ಎಲ್ಲಿಂದ ಬಂದದ್ದೆಂದು ಆ ಜಿಗಿತ ನೋಡಿದಾಗ ನನಗೆ ಹೊಳೆಯಿತು.

ಬುಕಿಂಗ್ ವಿಷಯಕ್ಕೆ ಬರುತ್ತೇನೆ. ಊರಿನಲ್ಲಿ ಅನೇಕರು ಕೇಳುವುದೇ ಅದನ್ನು. ಸ್ವಿಸ್ ರೈಲ್ವೆಯ ಆ್ಯಪಿನಲ್ಲಿ ಒಂದೇ ದಾರಿಗೆ ಎರಡು ಬೆಲೆ ಕಾಣಬಹುದು. ಕಡಿಮೆ ಬೆಲೆಯದು ನಿರ್ದಿಷ್ಟ ರೈಲಿಗೆ ಕಟ್ಟಿಹಾಕಿದ ಅಗ್ಗದ ಟಿಕೆಟ್. ಆ ರೈಲು ತಪ್ಪಿದರೆ ಅದೂ ಹೋಯಿತು, ದುಡ್ಡೂ ಹೋಯಿತು. ಇನ್ನೊಂದು ನಾನು ಹೇಳಿದ ಬಿಡುವಿನ ಟಿಕೆಟ್. ಇದರ ಬೆಲೆ ಮೂರು ತಿಂಗಳು ಮೊದಲು ಕೊಂಡರೂ ಹೊರಡುವ ಬೆಳಿಗ್ಗೆ ಕೊಂಡರೂ ಒಂದೇ. ಷೆಂಗೆನ್ ವೀಸಾ ಕೈಗೆ ಬರುವ ಮೊದಲೇ ಅಗ್ಗದ ಟಿಕೆಟಿಗೆ ಆಸೆಪಡುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚು ಸುತ್ತುವವರಿಗೆ 3, 4, 6, 8, 15 ದಿನಗಳ ಸ್ವಿಸ್ ಟ್ರಾವೆಲ್ ಪಾಸ್ ಇದೆ, ಅರ್ಧ ಬೆಲೆಗೆ ಟಿಕೆಟ್ ಕೊಡುವ ಒಂದು ತಿಂಗಳ ಕಾರ್ಡೂ ಇದೆ. ಹೋಗುವ ಊರುಗಳನ್ನು ಬರೆದುಕೊಂಡು ಕೂಡಿಸಿ ನೋಡಿದರೆ ಯಾವುದು ಲಾಭ ಎಂದು ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ.

ದುಡ್ಡು ಕಟ್ಟುವಾಗಲೇ ನಮ್ಮವರು ಎಡವುವುದು. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನು ನಾವೇ ಬ್ಯಾಂಕಿನ ಆ್ಯಪಿನಲ್ಲಿ ತೆರೆದುಕೊಳ್ಳಬೇಕು, ಇಲ್ಲದಿದ್ದರೆ ಕಾರ್ಡು ಸುಮ್ಮನೆ ತಿರಸ್ಕೃತವಾಗುತ್ತದೆ. ಎಲ್ಲಾದರೂ ರೂಪಾಯಿಯಲ್ಲಿ ಕಟ್ಟುತ್ತೀರಾ, ಫ್ರಾಂಕಿನಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಫ್ರಾಂಕ್ ಎನ್ನಿ; ರೂಪಾಯಿ ಎಂದರೆ ಅವರು ಹೇಳಿದ್ದೇ ದರ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮ ಮನೆಗಳಲ್ಲಿ ಇನಿಶಿಯಲ್ ಆಗಿ ಬದುಕಿದ ಅಪ್ಪನ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟಿನಲ್ಲಿ ಪೂರ್ತಿಯಾಗಿ ಬಿಚ್ಚಿಕೊಂಡಿರುತ್ತದೆ, ಅದನ್ನೇ ಟೈಪ್ ಮಾಡಬೇಕು. ಟಿಟಿಇ ಕ್ಯೂಆರ್ ಕೋಡ್ ನೋಡಿದ ಮೇಲೆ ಪಾಸ್‌ಪೋರ್ಟನ್ನೂ ಕೇಳಬಹುದು.

ಕೂರ್‌–ತಿರಾನೊ ದಾರಿಯಲ್ಲಿ ಇನ್ನೊಂದು ಆಯ್ಕೆಯಿದೆ. ಈ ದಾರಿ ರೇಟಿಯನ್ ರೈಲ್ವೆಯದು, ನಮ್ಮ ಹಳೆಯ ಮೈಸೂರು ಸೀಮೆಯ ಹಳಿಗಳ ಹಾಗೆ ಮೀಟರ್ ಗೇಜ್. ಜಗತ್ತಿನ ಪ್ರವಾಸಿಗಳೆಲ್ಲ ಹುಡುಕುವ ಬೆರ್ನಿನಾ ಎಕ್ಸ್‌ಪ್ರೆಸ್ ಈ ಹಳಿಯ ಮೇಲೆ ಓಡುತ್ತದೆ. ಚಾವಣಿಯವರೆಗೂ ಗಾಜು, ಟಿಕೆಟ್ ಅಥವಾ ಪಾಸಿನ ಜೊತೆಗೆ ಸೀಟಿಗೆಂದೇ ಬೇರೆ ದುಡ್ಡು ಕಟ್ಟಿ ರಿಸರ್ವ್ ಮಾಡಲೇಬೇಕು. ಅದೇ ಹಳಿ, ಅದೇ ಸೇತುವೆ, ಅದೇ ಸುರಂಗಗಳ ಮೇಲೆ ಗಂಟೆಗೊಂದರಂತೆ ಸಾಮಾನ್ಯ ರೈಲುಗಳೂ ಓಡುತ್ತವೆ. ಅವಕ್ಕೆ ರಿಸರ್ವೇಷನ್ ಬೇಡ. ಕೂರ್‌ನಿಂದ ಸೇಂಟ್ ಮೊರಿಟ್ಜ್‌ಗೆ ಒಂದು, ಅಲ್ಲಿ ಬದಲಿಸಿ ತಿರಾನೊಗೆ ಇನ್ನೊಂದು. ಹಳೆಯ ಬೋಗಿ ಸಿಕ್ಕರೆ ಕಿಟಕಿ ಇಳಿಸಿ ಮುಖಕ್ಕೆ ಗಾಳಿ ತಗುಲಿಸಿಕೊಳ್ಳಬಹುದು. ಗಾಜಿನ ರೈಲಿಗೆ ಸೀಟು ಸಿಗಲಿಲ್ಲವೆಂದು ಪ್ರವಾಸವನ್ನೇ ಬದಲಿಸಿದವರನ್ನು ನಾನು ಬಲ್ಲೆ. ಅವರಿಗೆ ಈ ಸಾಮಾನ್ಯ ರೈಲಿನ ಸಂಗತಿ ಯಾರೂ ಹೇಳಿರಲಿಲ್ಲ.

ಕೂರ್‌ನಿಂದ ಹೊರಟಾಗ ಬಲಗಡೆಯ ಕಿಟಕಿ ಹಿಡಿಯಬೇಕು. ಫಿಲಿಸೂರ್ ಬರುವ ಮುಂಚೆ ರೈಲು ಬಲಕ್ಕೆ ಬಾಗತೊಡಗುತ್ತದೆ, ನಮ್ಮ ಎಂಜಿನ್ನು ನಮಗೇ ಕಾಣುತ್ತದೆ. ಕೆಳಗೆ 65 ಮೀಟರ್ ಆಳದಲ್ಲಿ ಲಾಂಡ್ವಾಸರ್ ನದಿ. 136 ಮೀಟರ್ ಉದ್ದದ, ಆರು ಕಮಾನಿನ ಕಲ್ಲಿನ ಸೇತುವೆ ಬಿಲ್ಲಿನಂತೆ ಬಾಗಿ, ನೆಟ್ಟಗೆ ನಿಂತ ಬಂಡೆಯ ಮುಖಕ್ಕೇ ಹೋಗಿ ಮುಟ್ಟುತ್ತದೆ. ಮುಟ್ಟಿದ ಜಾಗದಲ್ಲೇ ಸುರಂಗದ ಬಾಯಿ. 1902ರಲ್ಲಿ ಕಟ್ಟಿ ಮುಗಿಸಿದ ಈ ಸೇತುವೆಯ ಎತ್ತರದ ಕಂಬಗಳಿಗೆ ಸಾರುವೆ ಕಟ್ಟಲಿಲ್ಲ. ಪ್ರತಿ ಕಂಬದ ಹೊಟ್ಟೆಯೊಳಗೆ ಕಬ್ಬಿಣದ ಗೋಪುರ ನಿಲ್ಲಿಸಿ, ಅದರ ತಲೆಯ ಮೇಲಿನ ಕ್ರೇನಿನಿಂದ ಕಲ್ಲೆತ್ತಿ ಸುತ್ತ ಕಟ್ಟುತ್ತಾ ಮೇಲೇರಿದರು. ಆ ಕಬ್ಬಿಣ ಇವತ್ತಿಗೂ ಕಲ್ಲಿನೊಳಗೇ ಇದೆ.

ಅಲ್ಲಿಂದ ಮುಂದೆ ಬೆರ್ಗ್ಯೂನ್‌ನಿಂದ ಪ್ರೇಡಾಗೆ ಸುಮಾರು 400 ಮೀಟರ್ ಏರಬೇಕು. ಈ ಆಲ್ಬುಲಾ ಭಾಗವನ್ನು ಕಟ್ಟಿಸಿದ ಫ್ರೀಡ್ರಿಶ್ ಹೆನ್ನಿಂಗ್ಸ್ ಬಳಿ ಇದ್ದದ್ದು ಉಗಿಬಂಡಿ. ಅದಕ್ಕೆ ಕಡಿದಾದ ಏರು ಆಗದು. ಹಾಗಾಗಿ ಆತ ದಾರಿಯನ್ನೇ ಎಳೆದು ಉದ್ದ ಮಾಡಿದ. ರೈಲು ಬೆಟ್ಟದೊಳಗೆ ಹೊಕ್ಕು ಪೂರ್ತಿ ಒಂದು ಸುತ್ತು ಹಾಕಿ ತನ್ನದೇ ಹಳಿಯ ಮೇಲಿನ ಮಟ್ಟದಲ್ಲಿ ಹೊರಬರುತ್ತದೆ. ಬೆರ್ಗ್ಯೂನ್ ಚರ್ಚಿನ ಗೋಪುರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ಕೆಳಕ್ಕೆ. ನನ್ನೆದುರು ಕೂತಿದ್ದ ಶಾಲೆಯ ಮಕ್ಕಳು ಪ್ರತಿ ತಿರುವಿಗೂ ಕಿಟಕಿ ಬದಲಿಸುತ್ತಾ ಓಡಾಡಿದರು. ನಾನೂ ಓಡಾಡಿದೆ.

ಸೇಂಟ್ ಮೊರಿಟ್ಜ್ ಶ್ರೀಮಂತರ ಊರು, ಅಲ್ಲಿ ನಾನು ಕಂಡದ್ದು ಪ್ಲಾಟ್‌ಫಾರ್ಮ್ ಮಾತ್ರ. ಅಲ್ಲಿಂದ ಬೆರ್ನಿನಾ ದಾರಿ. 1908ರಿಂದ 1910ರ ನಡುವೆ ಹಂತ ಹಂತವಾಗಿ ತೆರೆದ ಈ ದಾರಿ ಹುಟ್ಟುವಾಗಲೇ ವಿದ್ಯುತ್ತಿನದು. ಹೆನ್ನಿಂಗ್ಸ್‌ಗಿದ್ದ ಕಟ್ಟುಪಾಡು ಇದನ್ನು ಕಟ್ಟಿದವರಿಗಿರಲಿಲ್ಲ. ಇಲ್ಲಿ ನೂರು ಮೀಟರಿಗೆ ಏಳು ಮೀಟರ್ ಏರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಐವತ್ತು ಮೀಟರಿಗೆ ಒಂದು ಮೀಟರ್ ಏರುವುದಕ್ಕೇ ಹೆಚ್ಚುವರಿ ಎಂಜಿನ್ನುಗಳು ಬೇಕು. ಇಲ್ಲಿ ಹದಿನಾಲ್ಕು ಮೀಟರಿಗೇ ಒಂದು. ಊಟಿಯ ರೈಲು ಇದಕ್ಕಿಂತ ತುಸು ಕಡಿದಾದ ಏರನ್ನು ಹತ್ತುತ್ತದೆ, ಆದರೆ ಹಳಿಯ ನಡುವಿನ ಹಲ್ಲಿನ ಪಟ್ಟಿಯನ್ನು ಕಚ್ಚಿಕೊಂಡು. ಆ ಹಲ್ಲಿನ ಪದ್ಧತಿ ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರನದು, ಊಟಿಯ ಹಳೆಯ ಉಗಿಬಂಡಿಗಳು ಬಂದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಿಂದ. ಬೆರ್ನಿನಾದಲ್ಲಿ ಮಾತ್ರ ಹಲ್ಲಿಲ್ಲ, ಬರೀ ಚಕ್ರ, ಬರೀ ಹಳಿ. ಎರಡೂ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ನೀಲಗಿರಿಯದು 2005ರಿಂದ, ಆಲ್ಬುಲಾ–ಬೆರ್ನಿನಾ 2008ರಿಂದ. ಊಟಿಯ ರೈಲು ಹತ್ತಿ ಬಂದವರು ಈ ರೈಲಿನಲ್ಲಿ ಕೂತರೆ ಅರ್ಧ ಪರಿಚಯ ಆಗಲೇ ಆಗಿರುತ್ತದೆ.

ಪೊಂತ್ರೆಸೀನಾ ದಾಟಿದ ಮೇಲೆ ಮೊರ್ತೆರಾಚ್ ಎಂಬ ಪುಟ್ಟ ಸ್ಟೇಷನ್. ಬಟನ್ ಒತ್ತಿದರಷ್ಟೇ ರೈಲು ನಿಲ್ಲುತ್ತದೆ. ಒತ್ತಿದೆ, ಇಳಿದೆ. ನನ್ನ ಟಿಕೆಟ್ ನನಗೆ ಕೊಟ್ಟ ದೊಡ್ಡ ಉಡುಗೊರೆ ಇದು. ಗಾಜಿನ ರೈಲಿನವರು ಇಲ್ಲಿನ ಮೊರ್ತೆರಾಚ್ ಹಿಮನದಿಯನ್ನು ಮಾಂಟೆಬೆಲ್ಲೊ ತಿರುವಿನಲ್ಲಿ ಕೆಲವು ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಇಳಿದವರು ಅದರ ಕಡೆಗೆ ನಡೆದು ಹೋಗುತ್ತಾರೆ. ಹಳಿ ಹಾಕಿದ ಕಾಲದಲ್ಲಿ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಹಿಮದ ಗೋಡೆ ಎದುರಾಗುತ್ತಿತ್ತು. ಈಗ ಮುಕ್ಕಾಲು ಗಂಟೆ ನಡೆದರೂ ಅದು ಇನ್ನೂ ಮುಂದೆಯೇ. ದಾರಿಯುದ್ದಕ್ಕೂ ಫಲಕಗಳಿವೆ, ಒಂದೊಂದರ ಮೇಲೂ ಒಂದು ಇಸವಿ, ಆ ವರ್ಷ ಹಿಮ ಅಲ್ಲಿಯವರೆಗೆ ಇತ್ತು ಎಂಬ ಗುರುತು. ಮೊದಲ ಫಲಕಗಳ ನಡುವೆ ಲಾರ್ಚ್ ಮರಗಳು ಎತ್ತರಕ್ಕೆ ಬೆಳೆದಿವೆ. ಮುಂದೆ ಹೋದಂತೆ ಮರಗಳು ಕುಳ್ಳಾಗಿ, ಪೊದೆಯಾಗಿ, ಕೊನೆಗೆ ಬರೀ ಜಲ್ಲಿ, ಅದರ ಸಂದಿಯಲ್ಲಿ ಒಂದೆರಡು ಹಸಿರು ಕುಡಿ. ನಾನು ಹುಟ್ಟಿದ ವರ್ಷದ ಹಿಮ ಎಲ್ಲಿತ್ತೆಂದು ಎರಡು ಫಲಕಗಳ ನಡುವೆ ಲೆಕ್ಕ ಹಾಕಿ ನಿಂತೆ. ಅಲ್ಲಿಂದ ಹಿಮದ ತುದಿ ದೂರದಲ್ಲಿ ಬೂದಿ ಬಣ್ಣಕ್ಕೆ ಕಾಣುತ್ತಿತ್ತು. 1870ರ ದಶಕದಿಂದ ಈಚೆಗೆ ಸುಮಾರು ಮೂರು ಕಿಲೋಮೀಟರ್ ಹಿಂದೆ ಸರಿದಿದೆ. ಹಿಮನದಿ ಕರಗುತ್ತಿದೆ ಎಂದು ಪತ್ರಿಕೆಯಲ್ಲಿ ಓದುವುದು ಬೇರೆ, ಒಂದು ಜೀವಮಾನದಲ್ಲಿ ಎಷ್ಟು ಕರಗಿತೆಂದು ಕಾಲಿನಿಂದ ಅಳೆಯುವುದು ಬೇರೆ. ನನಗೆ ಅಳು ಬಂತು.

ಮುಂದಿನ ರೈಲು ಹಿಡಿದು ಮೇಲೇರಿದರೆ ಬೆರ್ನಿನಾ ಓಸ್ಪಿಟ್ಸಿಯೊ, 2253 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 300 ಮೀಟರಿಗೂ ಹೆಚ್ಚು ಎತ್ತರದಲ್ಲೊಂದು ರೈಲ್ವೆ ಸ್ಟೇಷನ್. ಅದಕ್ಕೆ ತುಸು ಮೊದಲು ಹಳಿಯ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಕೊಳ, ಅದರಾಚೆ ದೊಡ್ಡದೊಂದು ಹಾಲುಬಿಳುಪಿನ ಕೆರೆ. ಹಿಮನದಿ ಅರೆದ ಕಲ್ಲಿನ ಪುಡಿ ಆ ಬಣ್ಣ ಕೊಟ್ಟಿದೆ. ಕಪ್ಪು ಕೊಳದ ನೀರು ಇನ್ ನದಿ ಸೇರಿ ಡ್ಯಾನ್ಯೂಬಿನ ಮೂಲಕ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಬಿಳಿ ಕೆರೆಯ ನೀರು ಪೊ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರಕ್ಕೆ. ಕಿಟಕಿಯಿಂದ ಎರಡನ್ನೂ ಒಂದೇ ನೋಟದಲ್ಲಿ ಹಿಡಿಯಬಹುದು.

ಇಲ್ಲಿಂದ ತಿರಾನೊ 40 ಕಿಲೋಮೀಟರಿಗೂ ಕಡಿಮೆ, ಇಳಿಯಬೇಕಾದದ್ದು 1800 ಮೀಟರಿಗೂ ಹೆಚ್ಚು. ಆಲ್ಪ್ ಗ್ರ್ಯೂಮ್‌ನಲ್ಲಿ ಮತ್ತೆ ಇಳಿದು, ಪಾಲ್ಯೂ ಹಿಮನದಿಯ ಎದುರು ಬೆಂಚಿನ ಮೇಲೆ ಒಂದು ಗಂಟೆ ಕೂತೆ. ಆ ಸ್ಟೇಷನ್ನಿಗೆ ಕಾರು ಬರುವ ರಸ್ತೆಯಿಲ್ಲ, ರೈಲಿನಲ್ಲಿ ಬರಬೇಕು ಇಲ್ಲವೇ ನಡೆದು ಬರಬೇಕು. ಅಲ್ಲಿಂದ ಪೊಸ್ಕಿಯಾವೊ ಕಣಿವೆಗೆ ರೈಲು ತಿರುಗಿ ತಿರುಗಿ ಇಳಿಯುತ್ತದೆ. ಹಿಮದ ಜಾಗದಲ್ಲಿ ಪೈನ್, ಪೈನಿನ ಜಾಗದಲ್ಲಿ ಚೆಸ್ಟ್‌ನಟ್, ಆಮೇಲೆ ದ್ರಾಕ್ಷಿ ತೋಟ. ಸ್ಟೇಷನ್ನಿನ ಹೆಸರುಗಳೂ ಜರ್ಮನ್, ರೊಮಾನ್ಷ್ ದಾಟಿ ಇಟಾಲಿಯನ್ ಆಗುತ್ತವೆ. ಬ್ರೂಸಿಯೊದಲ್ಲಿ ಬಯಲಲ್ಲೇ ಒಂಬತ್ತು ಕಮಾನಿನ ಸುತ್ತುಸೇತುವೆ. ರೈಲು ವೃತ್ತ ಬರೆದು ತನ್ನದೇ ಹಳಿಯ ಕಮಾನಿನಡಿ ನುಸುಳಿ ಹೋಗುತ್ತದೆ. ತಿರಾನೊದಲ್ಲಿ ಅದು ಟ್ರಾಮಿನಂತೆ ಬೀದಿಗೇ ಇಳಿದು, ಮದೋನ್ನಾ ಚರ್ಚಿನ ಮುಂದೆ ಕಾರುಗಳನ್ನು ನಿಲ್ಲಿಸಿಕೊಂಡು ಮುಂದೆ ಸಾಗುತ್ತದೆ.

ತಿರಾನೊದಲ್ಲಿ ಎರಡು ಸ್ಟೇಷನ್ನುಗಳು ಅಕ್ಕಪಕ್ಕ, ಒಂದು ಸ್ವಿಸ್, ಇನ್ನೊಂದು ಇಟಲಿಯದು. ಮಿಲಾನಿಗೆ ಹೋಗುವ ಪ್ರಾದೇಶಿಕ ರೈಲಿಗೆ ಬೆಲೆ ಯಾವಾಗಲೂ ಒಂದೇ, ಅಲ್ಲೇ ಕೊಂಡರಾಯಿತು. ಕಾಗದದ ಟಿಕೆಟಾದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆತರೆ ದಂಡ. ಮಿಲಾನಿನಿಂದ ರೋಮಿಗೆ ಗಂಟೆಗೆ 300 ಕಿಲೋಮೀಟರ್ ಓಡುವ ಫ್ರೆಚ್ಚಾರೊಸ್ಸಾ, ಇತಾಲೊ ರೈಲುಗಳ ಕಥೆ ಪೂರ್ತಿ ಬೇರೆ. ಅಲ್ಲಿ ಬೋಗಿ, ಸೀಟು, ಗಂಟೆ ಎಲ್ಲವೂ ಟಿಕೆಟಿನಲ್ಲೇ ಇರುತ್ತವೆ, ದಿನ ಹತ್ತಿರವಾದಂತೆ ವಿಮಾನದ ಹಾಗೆ ಬೆಲೆ ಏರುತ್ತದೆ.

ಹಾಗಾಗಿ ಈ ದಾರಿಯಲ್ಲಿ ಹೋಗುವವರಿಗೆ ನಾನು ಹೇಳುವ ಕ್ರಮ ಹೀಗೆ. ವೀಸಾ ಬಂದ ವಾರವೇ ಮಿಲಾನ್–ರೋಮ್ ಟಿಕೆಟ್ ಕೊಂಡುಬಿಡಿ. ಕೂರ್‌–ತಿರಾನೊದ ಟಿಕೆಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ. ಕೂರ್‌ನಲ್ಲಿ ಎರಡು ರಾತ್ರಿ ಉಳಿಯಿರಿ, ಬೆಳಿಗ್ಗೆ ಎದ್ದು ಬೆರ್ನಿನಾ ಕಣಿವೆಯ ವೆಬ್‌ಕ್ಯಾಮ್ ನೋಡಿ. ಮೋಡ ಕವಿದಿದ್ದರೆ ಆ ದಿನ ಊರು ಸುತ್ತಿ. ಆಕಾಶ ತಿಳಿಯಾಗಿದ್ದರೆ ಕಾಫಿ ಕುಡಿಯುತ್ತಲೇ ಫೋನಿನಲ್ಲಿ ಟಿಕೆಟ್ ಮಾಡಿಸಿಕೊಂಡು, ಬಿಸಿನೀರಿನ ಫ್ಲಾಸ್ಕು, ಒಂದು ಸ್ವೆಟರು ಹಿಡಿದು, ಗಟ್ಟಿ ಶೂ ಹಾಕಿಕೊಂಡು ಮುಂದೆ ಸಿಕ್ಕ ರೈಲು ಹತ್ತಿ. ಮೊರ್ತೆರಾಚ್ ಬರುವ ಮುಂಚೆ ಬಟನ್ ಒತ್ತುವುದನ್ನು ಮರೆಯಬೇಡಿ.