ಕಡಲ ದಾರಿಯ ಕಪಿಗಳು

ಕಡಲಿನ ವಿಷಯದಲ್ಲಿ ಬೇಲೂರಿನ ನೀರಿಗೂ ಬೇಲೂರಿನ ಜನರಿಗೂ ಒಮ್ಮತವಿಲ್ಲ. ಊರಿನ ಪಕ್ಕದಲ್ಲಿ ಹರಿಯುವ ಯಗಚಿಯು ಗೊರೂರಿನ ಸಮೀಪ ಹೇಮಾವತಿಯನ್ನು ಸೇರುತ್ತದೆ. ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಕೂಡುತ್ತದೆ. ಆ ನೀರು ತಮಿಳುನಾಡನ್ನು ಹಾದು, ಬಹುದೂರ ನಡೆದು, ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಜನರಾದರೋ ಕಡಲನ್ನು ಕಾಣಬೇಕೆಂದರೆ ಪಶ್ಚಿಮಕ್ಕೆ ಮುಖಮಾಡುತ್ತಾರೆ. ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ದಾಟಿ ಚಾರ್ಮಾಡಿ ಘಟ್ಟವನ್ನಿಳಿದರೆ ಸುಮಾರು 150 ಕಿಲೋಮೀಟರಿನಲ್ಲಿ ಮಂಗಳೂರು. ಬೆಳಗಿನ ಜಾವ ಹೊರಟರೆ ಕಡಲನ್ನು ಕಂಡು ರಾತ್ರಿಯ ಊಟಕ್ಕೆ ಮನೆ ಸೇರಬಹುದು.

ಇಷ್ಟು ಹತ್ತಿರವಿದ್ದರೂ ನಮ್ಮ ಗೆಳೆಯರ ಗುಂಪಿನಲ್ಲಿ ಕಡಲನ್ನೇ ಕಾಣದವರೊಬ್ಬರಿದ್ದರು. ಅವರು ಭೂಗೋಳದ ಮೇಷ್ಟ್ರು ಎಂಬುದೇ ವಿಶೇಷ. ಮೂವತ್ತು ವರ್ಷಗಳ ಕಾಲ ಕಪ್ಪುಹಲಗೆಯ ಮೇಲೆ ಅರಬ್ಬೀ ಸಮುದ್ರದ ಅಂಚನ್ನು ಕೈತಪ್ಪದೆ ಬರೆದವರು. ಉಬ್ಬರವಿಳಿತಗಳಿಗೆ ಚಂದ್ರನೇ ಮುಖ್ಯ ಕಾರಣವೆಂದು ಸಾವಿರಾರು ಮಕ್ಕಳಿಗೆ ತಿಳಿಹೇಳಿದವರು. ಮನೆಯ ಹೊಣೆ, ತಾಯಿಯ ದೀರ್ಘಕಾಲದ ಕಾಯಿಲೆ, ತಂಗಿಯರ ಮದುವೆ ಎಂದು ಪ್ರತಿವರ್ಷವೂ ಪ್ರವಾಸ ಮುಂದಕ್ಕೆ ಹೋಗುತ್ತಿತ್ತು. ನಿವೃತ್ತಿಗೆ ಆರು ತಿಂಗಳು ಉಳಿದಿರುವಾಗ, ಮಳೆಗಾಲ ಕಳೆದ ಒಂದು ಭಾನುವಾರ, ನಾವು ನಾಲ್ವರು ಅವರನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಜೀಪಿನಲ್ಲಿ ಕೂರಿಸಿದೆವು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಟ್ಟಕ್ಕಿಳಿದೆವು. ಬೆಟ್ಟಗಳ ಮೇಲೆ ಮಂಜು ಹಾಸಿತ್ತು. ಬಂಡೆಗಳ ಸಂದಿಯಲ್ಲಿ ಝರಿಗಳು ಇನ್ನೂ ಬತ್ತಿರಲಿಲ್ಲ. ಒಂದು ತಿರುವಿನಲ್ಲಿ ಮೇಷ್ಟ್ರು ಜೀಪನ್ನು ನಿಲ್ಲಿಸಲು ಹೇಳಿದರು. ತಡೆಗೋಡೆಯ ಬಳಿ ನಿಂತು, ಕೆಳಗಿನ ಕಣಿವೆಯನ್ನು ತೋರಿಸುತ್ತ, "ನೋಡಿ, ಈ ನೀರು ನಮ್ಮ ಯಗಚಿಯ ಹಾದಿ ಹಿಡಿಯುವುದಿಲ್ಲ. ನೇತ್ರಾವತಿಯನ್ನು ಸೇರಿ ನಾವು ಹೋಗುವ ಕಡೆಗೇ ಬರುತ್ತದೆ" ಎಂದರು. ಪಾಠ ಇನ್ನೂ ಮುಂದುವರಿಯುತ್ತಿತ್ತು. ಅಷ್ಟರಲ್ಲಿ ಗೋಡೆಯ ಮೇಲಿದ್ದ ಕೋತಿಯೊಂದು ಅವರ ಹೆಗಲಿಗೆ ನೆಗೆದು, ಕಣ್ಣಿನ ಮೇಲಿದ್ದ ಕನ್ನಡಕವನ್ನು ಕಿತ್ತುಕೊಂಡು ಮರವನ್ನೇರಿತು.

ನಮಗಿಂತ ಮುಂಚೆ ಅಲ್ಲಿ ನಿಂತಿದ್ದ ಕಾರಿನವರು ಬಿಸ್ಕತ್ತು, ಬಾಳೆಹಣ್ಣುಗಳನ್ನು ಎಸೆಯುತ್ತ ಕಪಿಗಳ ಹಿಂಡನ್ನು ರಸ್ತೆಗೆ ಕರೆದಿದ್ದರು. ಮಕ್ಕಳು ನಗುತ್ತಿದ್ದರು, ದೊಡ್ಡವರು ಚಿತ್ರ ತೆಗೆಯುತ್ತಿದ್ದರು. ನಮ್ಮ ಅವಸ್ಥೆಯನ್ನು ಕಂಡ ಲಾರಿಯ ಚಾಲಕನೊಬ್ಬನು, "ಒಂದು ಹಣ್ಣು ತೋರಿಸಿ ಸ್ವಾಮಿ, ಕನ್ನಡಕ ತಾನಾಗಿ ಬೀಳುತ್ತದೆ. ಇಲ್ಲಿ ನಡೆಯುವ ವ್ಯಾಪಾರವೇ ಇದು" ಎಂದನು. ಕಾಫಿ ತೋಟದ ಗೆಳೆಯರು ಚೀಲದಿಂದ ಏಲಕ್ಕಿ ಬಾಳೆಯ ಚಿಪ್ಪನ್ನು ತೆಗೆದರು. ಮೇಷ್ಟ್ರು ಅವರ ಕೈ ಹಿಡಿದರು.

"ಬೇಡಿ. ನನ್ನ ಕನ್ನಡಕಕ್ಕೆ ಇಂದು ಹಣ್ಣು ಕೊಟ್ಟರೆ, ನಾಳೆ ಬರುವವರ ಕನ್ನಡಕಕ್ಕೂ ನಾವೇ ಬೆಲೆ ಕಟ್ಟಿದಂತಾಯಿತು."

"ಅದಿಲ್ಲದೆ ಕಡಲನ್ನು ಹೇಗೆ ನೋಡುತ್ತೀರಿ, ಮೇಷ್ಟ್ರೇ?"

ಅವರಿಗೆ ಹತ್ತು ಮಾರು ದೂರದ ಮುಖವೂ ಮಸುಕು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಕಡಲು ಅಷ್ಟು ಸಣ್ಣ ವಸ್ತುವೇನಲ್ಲವಲ್ಲ" ಎಂದು ನಕ್ಕರು. ಆ ನಗೆಯ ಹಿಂದೆ ಮೂವತ್ತು ವರ್ಷಗಳ ಕಾಯುವಿಕೆಯಿತ್ತೆಂಬುದನ್ನು ಬಲ್ಲ ನಮಗೆ ನಗು ಬರಲಿಲ್ಲ.

ಆಗಲೇ ರಸ್ತೆಯ ನಡುವೆ ಬಿದ್ದ ಬಿಸ್ಕತ್ತಿಗಾಗಿ ಮರಿಯೊಂದು ತಾಯಿಯ ಒಡಲನ್ನು ಬಿಟ್ಟು ಓಡಿತು. ತಿರುವಿನಲ್ಲಿ ಬಸ್ಸು ಕಾಣಿಸಿಕೊಂಡಿತು. ಚಾಲಕನು ಬ್ರೇಕನ್ನು ಒತ್ತಿದ ಸದ್ದಿಗೆ ಕಣಿವೆಯೆಲ್ಲ ಕೂಗಿದಂತಾಯಿತು. ಚಕ್ರಕ್ಕೂ ಮರಿಗೂ ಒಂದು ಗೇಣಿನ ಅಂತರ. ತಾಯಿ ಹಾರಿಬಂದು ಮರಿಯನ್ನು ಎದೆಗವಚಿಕೊಂಡು ಗೋಡೆಯಾಚೆ ಮರೆಯಾಯಿತು. ನಗುತ್ತಿದ್ದ ಮಕ್ಕಳು ಸ್ತಬ್ಧರಾದರು. ಕಾರಿನವರು ಉಳಿದ ಹಣ್ಣುಗಳನ್ನು ಸದ್ದಿಲ್ಲದೆ ಒಳಗಿಟ್ಟುಕೊಂಡು ಹೊರಟುಹೋದರು. ಕನ್ನಡಕವನ್ನು ನೆಕ್ಕಿ, ಕಚ್ಚಿ, ಅದರಲ್ಲಿ ರುಚಿಯೇನೂ ಇಲ್ಲವೆಂದು ತೀರ್ಮಾನಿಸಿದ ಆ ಕೋತಿಯು ಅದನ್ನು ಕೆಳಕ್ಕೆ ಬಿಸುಟಿತು. ಒಂದು ಗಾಜು ಒಡೆದಿತ್ತು, ಮತ್ತೊಂದು ಉಳಿದಿತ್ತು.

ಚೇಷ್ಟೆಗೆ ಇನ್ನೊಂದು ಹೆಸರೇ ಕಪಿ ಎಂದು ನಾವು ಬಗೆದಿದ್ದೇವೆ. ನಮ್ಮೂರಿನ ಚೆನ್ನಕೇಶವ ದೇವಾಲಯದ ನಿರ್ಮಾಣ 1117ರಷ್ಟು ಹಿಂದಿನದು. ಅಲ್ಲಿಯ ಮದನಿಕೆಯರಲ್ಲೊಬ್ಬಳ ಸೀರೆಯನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. ಅವಳು ಅದನ್ನು ಗದರಿಸಿ ಅಟ್ಟುತ್ತಿದ್ದಾಳೆ. ಮನುಷ್ಯರಿಗೂ ಕಪಿಗಳಿಗೂ ಇರುವ ಜಗಳ ಇಂದಿನದಲ್ಲವೆಂಬುದಕ್ಕೆ ಆ ಶಿಲೆಯೇ ಸಾಕ್ಷಿ. ಆದರೆ ಅವಳು ಗದರಿಸಿದಳೇ ಹೊರತು ಹಣ್ಣು ಕೊಟ್ಟು ಸೀರೆಯನ್ನು ಬಿಡಿಸಿಕೊಳ್ಳಲಿಲ್ಲ. ವ್ಯಾಪಾರವನ್ನು ಕಲಿಸಿದವರು ಈಚಿನವರಾದ ನಾವು.

ಈ ವಿದ್ಯೆಯನ್ನು ಕಪಿಗಳು ಎಷ್ಟು ಚೆನ್ನಾಗಿ ಕಲಿಯಬಲ್ಲವೆಂಬುದಕ್ಕೆ ಇಂಡೊನೇಷ್ಯದ ಬಾಲಿ ದ್ವೀಪದ ಉಲುವಾಟು ದೇವಾಲಯವೇ ನಿದರ್ಶನ. ಅಲ್ಲಿಯ ಉದ್ದಬಾಲದ ಕೋತಿಗಳು ಯಾತ್ರಿಕರ ವಸ್ತುಗಳನ್ನು ಕಸಿದು, ತಿಂಡಿ ಕೊಟ್ಟ ಮೇಲೆ ಹಿಂದಿರುಗಿಸುತ್ತವೆ. ಜನರು ಯಾವುದನ್ನು ಹೆಚ್ಚು ಬೆಲೆಯುಳ್ಳದ್ದೆಂದು ಭಾವಿಸುತ್ತಾರೆಂಬುದನ್ನು ವಯಸ್ಸಾದ ಕೋತಿಗಳು ಅರಿತಿವೆಯೆಂದೂ, ಅಂಥ ವಸ್ತುವಿಗೆ ಉತ್ತಮ ತಿಂಡಿ ದೊರೆಯುವವರೆಗೆ ಬಿಡವೆಂದೂ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಶಿಷ್ಯರು ಜಾಣರೇ, ಪಾಠವೇ ಕೆಟ್ಟದ್ದು.

ನಮ್ಮ ಕೋತಿಯಾದರೋ ಸಾಮಾನ್ಯ ಪ್ರಾಣಿಯಲ್ಲ. ನೆತ್ತಿಯ ಕೂದಲು ಟೊಪ್ಪಿಗೆಯಂತೆ ಹರಡಿರುವ ಈ ಜಾತಿಯು ಸಹಜವಾಗಿ ಬಾಳುವುದು ದಕ್ಷಿಣ ಭಾರತದಲ್ಲಿ ಮಾತ್ರ. ಎಲ್ಲೆಲ್ಲಿಯೂ ಕಾಣುವ ಪ್ರಾಣಿಯೆಂದು ನಾವು ಉಪೇಕ್ಷಿಸುತ್ತಿದ್ದರೂ ಅಪಾಯಕ್ಕೊಳಗಾಗಬಹುದಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ. ಕಾಡಿನ ಅತ್ತಿ, ಆಲದ ಹಣ್ಣು, ಚಿಗುರು, ಹುಳುಹುಪ್ಪಟೆಗಳು ಅದರ ಆಹಾರ. ಕೆನ್ನೆಯ ಚೀಲದಲ್ಲಿ ಹಣ್ಣುಗಳನ್ನು ತುಂಬಿಕೊಂಡು ದೂರ ಹೋಗಿ ತಿಂದು ಬೀಜವನ್ನುಗುಳುವುದರಿಂದ, ಅದು ತಿಳಿಯದೆಯೇ ಮರಗಳನ್ನು ಬಿತ್ತುತ್ತದೆ. ರಸ್ತೆಯಂಚಿನಲ್ಲಿ ಬಿಸ್ಕತ್ತಿಗೆ ಕೈಯೊಡ್ಡಿ ಕುಳಿತ ಕೋತಿಯು ಬಿತ್ತುವುದಾದರೂ ಏನನ್ನು? ನಾವು ದಯೆಯೆಂದು ಎಸೆದ ತುತ್ತು ಅದನ್ನು ಕಾಡಿನಿಂದ ಹೊರಗೆಳೆದು ಚಕ್ರದ ಬಾಯಿಗೆ ಒಡ್ಡುತ್ತದೆ. ಕಡೆಗೆ ಅದನ್ನು ಕಳ್ಳನೆಂದು ಹಳಿಯುವವರೂ ನಾವೇ.

ಮಧ್ಯಾಹ್ನದ ವೇಳೆಗೆ ಉಳ್ಳಾಲದ ಬಳಿಯ ಸೋಮೇಶ್ವರದ ಕಡಲತೀರವನ್ನು ತಲುಪಿದೆವು. ಬಂಡೆಗಳ ಮೇಲೆ ಅಲೆಗಳು ಒಡೆಯುತ್ತಿದ್ದುವು. ಉತ್ತರದಲ್ಲಿ ನೇತ್ರಾವತಿಯು ಕಡಲನ್ನು ಕೂಡುವ ದಿಕ್ಕನ್ನು ಮೇಷ್ಟ್ರು ಕೇಳಿ ತಿಳಿದುಕೊಂಡರು. ಒಡೆದ ಗಾಜಿನ ಕಡೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಕಣ್ಣಿನಿಂದ ಬಹಳ ಹೊತ್ತು ದಿಟ್ಟಿಸಿ ನಿಂತರು. ನಾವಾರೂ ಮಾತನಾಡಲಿಲ್ಲ. ಆಮೇಲೆ ಬಾಗಿ ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಗೆಗೆ ಸೋಕಿಸಿ, "ಉಪ್ಪಾಗಿದೆ!" ಎಂದರು, ಆ ಸಂಗತಿಯನ್ನು ಲೋಕದಲ್ಲಿ ತಾವೇ ಮೊದಲು ಕಂಡುಹಿಡಿದವರಂತೆ.

ಮರುದಿನ ತರಗತಿಯಲ್ಲಿ ಅವರು ಎಂದಿನಂತೆ ಕಡಲು, ಕರಾವಳಿ, ಘಟ್ಟ, ಮಲೆನಾಡುಗಳ ಚಿತ್ರವನ್ನು ಬರೆದರಂತೆ. ಘಟ್ಟದ ನಡುವೆ ಒಂದು ಪುಟ್ಟ ಚುಕ್ಕೆಯನ್ನೂ ಇಟ್ಟರಂತೆ. ಅದೇನೆಂದು ಹುಡುಗನೊಬ್ಬನು ಕೇಳಿದನು.

"ಅದು ಆ ಜಾಗದ ಹಳೆಯ ನಿವಾಸಿ. ಅವನ ಮನೆಯಂಗಳದಲ್ಲಿ ನಾವು ರಸ್ತೆ ಮಾಡಿಕೊಂಡಿದ್ದೇವೆ. ಹಾದುಹೋಗುವಾಗ ಕೈಯಲ್ಲಿ ತಿಂಡಿಯನ್ನು ಹಿಡಿಯಬೇಡಿ, ಕನ್ನಡಕವಿದ್ದವರು ಅದನ್ನು ಜೇಬಿನಲ್ಲಿಡಿ" ಎಂದು ಮೇಷ್ಟ್ರು ಪಾಠವನ್ನು ಮುಂದುವರಿಸಿದರಂತೆ.