ಶ್ರೀಕಾಂತನ ಸಂಬಳ ಎಷ್ಟು?

ಗೂಢಚಾರ ಅಂದ್ರೆ ಕೋಟು, ಕಾರು, ಕ್ಯಾಸಿನೊ ಅಂತ ನಂಬಿಕೊಂಡಿದ್ದ ನಮ್ಮಂಥವರಿಗೆ 2019ರ ಸೆಪ್ಟೆಂಬರಿನಲ್ಲಿ ಶ್ರೀಕಾಂತ್ ತಿವಾರಿ ಸಿಕ್ಕಿದ. ಮುಂಬೈನಲ್ಲೊಂದು ಇಕ್ಕಟ್ಟಿನ ಫ್ಲ್ಯಾಟು, ಹಳೇ ಕಾರು, ಮನೆ ಸಾಲದ ಪರದಾಟ, ಮಗಳ ಸ್ಕೂಲಿನಿಂದ ಬರೋ ದೂರು. ಅತ್ತ ಉಗ್ರರ ಬೆನ್ನು ಹತ್ತಬೇಕು, ಇತ್ತ ಮನೆಯಲ್ಲಿ ಸುಳ್ಳು ಹೇಳಬೇಕು. ರಾಜ್ ಮತ್ತು ಡಿಕೆ ಜೋಡಿಯ 'ದಿ ಫ್ಯಾಮಿಲಿ ಮ್ಯಾನ್' ನಮ್ಮ ತಲೆಗೆ ಹತ್ತಿದ್ದು ಬಂದೂಕಿನಿಂದಲ್ಲ, ಈ ರಗಳೆಗಳಿಂದ.

ನಮ್ಮೂರು ನಗರಗೆರೆ. ಗೌರಿಬಿದನೂರು ತಾಲ್ಲೂಕಿನ ಹೋಬಳಿ, ಆಂಧ್ರದ ಗಡಿಗೆ ತೀರಾ ಹತ್ತಿರ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಬೆಂಗಳೂರಿನ ಆಫೀಸಲ್ಲಿ ಇಂಗ್ಲಿಷು. ಹಾಗಾಗಿ ಗಂಡ ಹಿಂದಿಯವನು, ಹೆಂಡತಿ ಸುಚಿ ತಮಿಳಿನವಳು ಅನ್ನೋದು ನನಗೆ ವಿಶೇಷ ಅನ್ನಿಸಲೇ ಇಲ್ಲ, ಪಕ್ಕದ ಮನೆ ಅನ್ನಿಸ್ತು. (ಸುಚಿ ಆಗಿರೋ ಪ್ರಿಯಾಮಣಿ ಬೆಂಗಳೂರಲ್ಲೇ ಹುಟ್ಟಿದವರು ಅನ್ನೋ ಅಭಿಮಾನವೂ ಇತ್ತು ಅನ್ನಿ.)

ಅಮ್ಮ ಹೋದ ಮೇಲೆ ನನಗೂ ಅಪ್ಪನಿಗೂ ಮಾತೇ ಇರಲಿಲ್ಲ. ಊಟ ಆಯ್ತಾ, ಆಯ್ತು, ಮಳೆ ಬಂತಾ, ಇಲ್ಲ. 2021ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದಾಗ ಎರಡನೇ ಸೀಸನ್ ಬಂತು. ಅಪ್ಪನಿಗೆ ಹಿಂದಿ ಬಾರದು. ಮೊದಲ ಸೀಸನ್ನಿನಿಂದಲೇ ಶುರು ಹಚ್ಚಿದೆ, ಪಕ್ಕದಲ್ಲಿ ಕೂತು ತೆಲುಗಿನಲ್ಲಿ ಹೇಳ್ತಾ ಹೋದೆ. ಸರ್ಕಾರಿ ಶಾಲೆಯ ಮೇಷ್ಟ್ರಾಗಿ ರಿಟೈರ್ ಆದ ಅಪ್ಪ ಕೇಳಿದ ಮೊದಲ ಪ್ರಶ್ನೆ, "ವೀಡಿಕಿ ಜೀತಮೆಂತ್ರಾ?" ಇವನಿಗೆ ಸಂಬಳ ಎಷ್ಟು ಅಂತ. ಆಮೇಲೆ ಟಿಎ ಬಿಲ್ಲು ಯಾರು ಸೈನ್ ಮಾಡ್ತಾರೆ, ಇಷ್ಟು ರಜೆ ಹೇಗೆ ಸಿಗುತ್ತೆ. ನಾನು ಎಪಿಸೋಡ್ ನಿಲ್ಲಿಸಿ ಉತ್ತರ ಕೊಡ್ತಿದ್ದೆ. ಶ್ರೀಕಾಂತ ಕೆಲಸ ಬಿಟ್ಟು ಐಟಿ ಕಂಪನಿ ಸೇರಿ, ತನಗಿಂತ ಚಿಕ್ಕ ಬಾಸ್ ಕೈಲಿ ಉಪದೇಶ ಕೇಳೋ ಭಾಗ ಬಂದಾಗ ಅಪ್ಪ ನನ್ನ ಕಡೆ ತಿರುಗಿ, "ನಿಮ್ ಆಫೀಸಲ್ಲೂ ಹಿಂಗೇನಾ?" ಅಂದ್ರು. ನನ್ನ ಕೆಲಸದ ಬಗ್ಗೆ ಅವರು ಏನಾದ್ರೂ ಕೇಳಿದ್ದು ಅದೇ ಮೊದಲು. ಅವತ್ತು ರಾತ್ರಿ ಹನ್ನೆರಡರವರೆಗೆ ಮಾತಾಡಿದ್ವಿ.

ಮೂರನೆಯದಕ್ಕೆ ನಾಲ್ಕು ವರ್ಷದ ಮೇಲೆ ಕಾದೆವು. 2025ರ ನವೆಂಬರ್ 21ಕ್ಕೆ ಬಂತು, ಅಪ್ಪನ ಜೊತೆ ನೋಡಬೇಕು ಅಂತಲೇ ಊರಿಗೆ ಹೋದೆ.

ಏನ್ ಹೇಳೋದು. ಕಥೆ ಈಶಾನ್ಯ ರಾಜ್ಯಗಳಿಗೆ ಹೋಗಿದೆ, ಅಲ್ಲಿನ ಬೆಟ್ಟಗುಡ್ಡ ಚೆನ್ನಾಗಿದೆ. ಜೈದೀಪ್ ಅಹ್ಲಾವತ್ ಇದ್ದಾರೆ, ಅವರು ಸುಮ್ಮನೆ ನಿಂತ್ರೂ ಭಯ ಆಗುತ್ತೆ. ಮನೋಜ್ ಬಾಜಪೇಯಿ, ಶಾರಿಬ್ ಹಾಶ್ಮಿ ಜಗಳ ಈಗಲೂ ನಗಿಸುತ್ತೆ. ಆದರೆ ಶ್ರೀಕಾಂತನೇ ಆರೋಪಿಯಾಗಿ ತಪ್ಪಿಸಿಕೊಂಡು ಓಡ್ತಾನೆ, ಮನೆಯವರೂ ಓಡ್ತಾರೆ, ಮಕ್ಕಳಿಗೂ ಗುಟ್ಟು ತಿಳಿದುಹೋಗಿದೆ. ಗುಟ್ಟೇ ಹೋದ ಮೇಲೆ ಅಡುಗೆಮನೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬೀಳೋ ಆ ಮಜಾ ಎಲ್ಲಿಂದ ಬರಬೇಕು? ಎಲ್ಲ ಗೂಢಚಾರರೂ ಒಂದಲ್ಲ ಒಂದು ದಿನ ತಮ್ಮ ಸರ್ಕಾರದಿಂದಲೇ ಓಡ್ತಾರೆ, ಅದನ್ನು ಹಾಲಿವುಡ್ ನೂರು ಸಲ ತೋರಿಸಿದೆ. ಇಎಂಐ ಕಟ್ಟೋ ಗೂಢಚಾರ ಇವನೊಬ್ಬನೇ ಇದ್ದ.

ಕೊನೆಯಂತೂ ಕೊನೆಯೇ ಅಲ್ಲ. ಮೊದಲ ಸೀಸನ್ನೂ ನೇತಾಡಿಸಿಯೇ ಮುಗಿದಿತ್ತು, ಒಪ್ತೀನಿ. ಆದರೆ ಆಗ ಹತ್ತು ಎಪಿಸೋಡಿನ ಹೊಟ್ಟೆ ತುಂಬಾ ಊಟ ಆಗಿತ್ತು. ಈಗ ಏಳೇ ಎಪಿಸೋಡು. ಎಲೆ ಹಾಕಿ, ಉಪ್ಪು ಬಡಿಸಿ, ಅನ್ನ ಮುಂದಿನ ಪಂಕ್ತಿಗೆ ಅಂದಹಾಗಾಯ್ತು.

ನನಗೆ ಇದಕ್ಕಿಂತ ಕಷ್ಟ ಆಗಿದ್ದು ಬೇರೆ. ನಾಲ್ಕನೇ ಎಪಿಸೋಡಿನ ಹೊತ್ತಿಗೆ ಅಪ್ಪ ಪ್ರಶ್ನೆ ಕೇಳೋದು ನಿಲ್ಲಿಸಿದ್ರು. ಅರ್ಥ ಆಗ್ತಿಲ್ವಾ ಅಂದೆ. "ಆಗ್ತಿದೆ, ಕೇಳೋಕೇನಿದೆ?" ಅಂದ್ರು. ಐದನೆಯದಕ್ಕೆ ಕುರ್ಚಿಯಲ್ಲೇ ನಿದ್ದೆ. ನಾನು ದನಿ ಸಣ್ಣ ಮಾಡಿಕೊಂಡು, ಅನುವಾದ ಮಾಡೋ ಕೆಲಸವಿಲ್ಲದೆ, ಉಳಿದಿದ್ದನ್ನು ಒಬ್ಬನೇ ನೋಡಿ ಮುಗಿಸಿದೆ.

ಈಗ ಊರಿಗೆ ಹೋದಾಗ ಮಾತಾಡೋಕೆ ಏನಾದ್ರೂ ಹುಡುಕ್ತಿದ್ದೀವಿ. ಕಳೆದ ಸಲ ಬೋರ್‌ವೆಲ್ ಮೋಟರಿನ ಬಗ್ಗೆ ಅರ್ಧ ಗಂಟೆ ಆಯ್ತು.