ಎತ್ತರದ ಹುಡುಗನ ಬೆಲೆ

ಉಪಾಧ್ಯಾಯವೃತ್ತಿಯಲ್ಲಿದ್ದವರಿಗೆ ಬಾಲಕರ ಯೋಗ್ಯತೆಯನ್ನು ತೂಗುವುದು ನಿತ್ಯದ ಕೆಲಸ. ಆದರೆ ಆ ತೂಕವನ್ನು ಊರೆಲ್ಲ ಕೇಳುವಂತೆ ಒಂದು, ಎರಡು, ಮೂರು ಎಂದು ಕೂಗಿ ಹೇಳಬೇಕಾದ ಕಷ್ಟ ನಮಗಿರಲಿಲ್ಲ. ಆಸ್ಟ್ರೇಲಿಯದ ಫುಟ್‌ಬಾಲ್ ಕ್ಲಬ್ಬುಗಳಿಗೆ ಆ ಕಷ್ಟವುಂಟು. ಅಲ್ಲಿ 1986ರಿಂದ ‘ಡ್ರಾಫ್ಟ್’ ಎಂಬ ಆಯ್ಕೆ ನಡೆದುಬಂದಿದೆ. ಹದಿನೆಂಟರ ಆಸುಪಾಸಿನ ಹುಡುಗರನ್ನು ಕ್ಲಬ್ಬುಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಎಲ್ಲರಿಗಿಂತ ಕೆಳಗೆ ನಿಂತ ಕ್ಲಬ್ಬಿಗೆ ಸಾಮಾನ್ಯವಾಗಿ ಮೊದಲ ಸರದಿ. ಸೋತವನಿಗೆ ಮೊದಲ ತುತ್ತೆಂಬ ಈ ಏರ್ಪಾಡು ನನಗೆ ಮೆಚ್ಚುಗೆಯಾಯಿತು.

ನನ್ನ ಮಗಳ ಸಂಸಾರ ಮೆಲ್ಬೋರ್ನ್ ನಗರದಲ್ಲಿದೆ. ಹದಿನೈದು ವರುಷದ ಮೊಮ್ಮಗನು ಈಗಲೇ ನನಗಿಂತ ಗೇಣುದ್ದ ಎತ್ತರ. ಅವನ ತಂಡದಲ್ಲಿ ಅವನನ್ನು ‘ರಕ್’ ಎಂಬ ಸ್ಥಾನದಲ್ಲಿ ನಿಲ್ಲಿಸಿದ್ದಾರೆ. ಅವನಿಗೋ ಅದು ಬೇಡ. “ತಾತ, ಡ್ರಾಫ್ಟಿನಲ್ಲಿ ಮೊದಲು ಕರೆಯುವುದು ನಡುವೆ ಓಡಾಡುವವರನ್ನು, ರಕ್‌ನವರನ್ನು ಯಾರು ಕೇಳುತ್ತಾರೆ?” ಎಂದು ಮುಖ ಸಣ್ಣದು ಮಾಡಿಕೊಂಡನು. ಉತ್ತರ ಹೇಳುವುದಕ್ಕಾಗಿ ನಾನು ಈ ಆಟವನ್ನು ಕಲಿಯಬೇಕಾಯಿತು.

ಅಂಡಾಕಾರದ ಬಯಲು, ಅಂಡಾಕಾರದ್ದೇ ಚೆಂಡು, ಪಕ್ಷಕ್ಕೆ ಹದಿನೆಂಟು ಜನ. ಎತ್ತರದ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದರೆ 6 ಅಂಕ. ಪಕ್ಕದ ಗಿಡ್ಡ ಕಂಬದ ಸಂದಿನಲ್ಲಿ ಹೋದರೆ 1. ಅಂಪೈರು ಚೆಂಡನ್ನು ಮೇಲಕ್ಕೆ ಬಿಟ್ಟಾಗ ರಕ್‌ನವನು ನೆಗೆದು ಅದನ್ನು ತನ್ನವರ ಕಡೆಗೆ ತಟ್ಟಬೇಕು. ಅದನ್ನು ಹೆಕ್ಕಿ ಮುಂದಕ್ಕೆ ಸಾಗಿಸುವವರು ಮಿಡ್‌ಫೀಲ್ಡರುಗಳು. ಕಂಬಗಳ ಬಳಿ ಎಗರಿ ಹಿಡಿದು ಗೋಲು ಒದೆಯುವವನು ಎತ್ತರದ ಫಾರ್ವರ್ಡು. ಅವನನ್ನು ತಡೆಯಲು ಅಂಥದೇ ಆಳು ಇನ್ನೊಬ್ಬ.

ಮಿಡ್‌ಫೀಲ್ಡರನ ಬೆಲೆ ಬೇಗ ತಿಳಿಯುತ್ತದೆ. ಚೆಂಡು ಎಲ್ಲಿಯೋ ಅವನೂ ಅಲ್ಲಿಯೇ. ಹದಿನೆಂಟರಲ್ಲಿ ಚುರುಕಾಗಿದ್ದವನು ಹತ್ತೊಂಬತ್ತರಲ್ಲಿ ದೊಡ್ಡವರೊಡನೆ ಆಡಬಲ್ಲನು. ಅಂಪೈರುಗಳ ಮತದಿಂದ ಸಲ್ಲುವ ಬ್ರೌನ್‌ಲೋ ಪದಕವೂ ಈ ಶತಮಾನದಲ್ಲಿ ಬಹುಮಟ್ಟಿಗೆ ಅವರ ಪಾಲೇ. 1987ರಲ್ಲಿ ಗೋಲು ಒದೆಯುವ ಟೋನಿ ಲಾಕೆಟ್ ಅದರಲ್ಲಿ ಪಾಲು ಪಡೆದದ್ದೇ ಒಂದು ವಿಶೇಷ. ಎತ್ತರದ ಹುಡುಗನಾದರೋ ಎಲುಬು ಬೆಳೆದ ವೇಗದಲ್ಲಿ ಮೈಕಟ್ಟು ಬೆಳೆಯದೆ ಮೂರು ನಾಲ್ಕು ವರ್ಷ ಕಾಯಿಸುತ್ತಾನೆ. ನಮ್ಮ ಪಾಠಶಾಲೆಯಲ್ಲಿ ಕಾವ್ಯದ ವಿದ್ಯಾರ್ಥಿಯು ಎರಡು ವರ್ಷಕ್ಕೇ ಸಭೆಯಲ್ಲಿ ಶ್ಲೋಕ ಹೇಳಿ ಶಾಲು ಹೊದೆಯುತ್ತಿದ್ದನು. ವ್ಯಾಕರಣದವನು ಆ ಹೊತ್ತಿಗೆ ಇನ್ನೂ ಸೂತ್ರಗಳನ್ನು ಉರುಹೊಡೆಯುತ್ತ ಮೂಲೆಯಲ್ಲಿರುತ್ತಿದ್ದನು.

ತೊಡಕು ಇರುವುದು ಇಲ್ಲಿಯೇ. ಮೊದಲ ಸರದಿ ದೊರೆಯುವುದು ಸೋತ ಕ್ಲಬ್ಬಿಗೆ. ಕಾಯುವ ತಾಳ್ಮೆ ಎಲ್ಲರಿಗಿಂತ ಕಡಮೆಯಿರುವುದೂ ಅದರ ಅಭಿಮಾನಿಗಳಿಗೆ. 2004ರಲ್ಲಿ ಕಟ್ಟಕಡೆಗೆ ನಿಂತ ರಿಚ್ಮಂಡ್ ಕ್ಲಬ್ಬು 1 ಮತ್ತು 4ನೆಯ ಸರದಿಗಳಲ್ಲಿ ಚುರುಕಾಗಿ ಓಡುವ ಹುಡುಗರನ್ನು ಕರೆಯಿತು. ಅದಕ್ಕಿಂತ ಒಂದೇ ಮೆಟ್ಟಲು ಮೇಲಿದ್ದ ಹಾಥಾರ್ನ್, 2 ಮತ್ತು 5ರಲ್ಲಿ ಜ್ಯಾರಿಡ್ ರಫ್‌ಹೆಡ್, ಲ್ಯಾನ್ಸ್ ಫ್ರ್ಯಾಂಕ್ಲಿನ್ ಎಂಬ ಇಬ್ಬರು ನೀಳಕಾಯರನ್ನು ಕರೆದು ಕಾದಿತು. 2008ರಲ್ಲಿ ಫ್ರ್ಯಾಂಕ್ಲಿನ್ 113 ಗೋಲು ಒದ್ದನು, ಪ್ರಶಸ್ತಿ ಹಾಥಾರ್ನಿಗೆ ಬಂದಿತು.

ಹಾಗಾದರೆ ಎತ್ತರದವನನ್ನೇ ಮೊದಲು ಆರಿಸಬೇಕೆ? 2007ರಲ್ಲಿ ಕಾರ್ಲ್ಟನ್ ಹಾಗೆಯೇ ಮಾಡಿತು. ಮೊದಲ ಸರದಿಯಲ್ಲಿ ಮ್ಯಾಥ್ಯೂ ಕ್ರೂಜರ್ ಎಂಬ ರಕ್‌ನವನನ್ನು ಕರೆಯಿತು. ಒಳ್ಳೆಯ ಆಟಗಾರನೇ, ಪೆಟ್ಟುಗಳು ಅವನನ್ನು ಬಿಡಲಿಲ್ಲ, 2020ರಲ್ಲಿ ನಿವೃತ್ತನಾದನು. ಎರಡನೆಯ ಸರದಿಯಲ್ಲಿ ರಿಚ್ಮಂಡ್ ಕರೆದ ಮಿಡ್‌ಫೀಲ್ಡರ್ ಟ್ರೆಂಟ್ ಕಾಚಿನ್, ನಾಯಕನಾಗಿ 2017, 2019, 2020ರಲ್ಲಿ ಮೂರು ಪ್ರಶಸ್ತಿಗಳನ್ನು ತಂದನು. ಇತ್ತ 2009ರಲ್ಲಿ 34ನೆಯವನಾಗಿ ಮೆಲ್ಬೋರ್ನ್ ಕ್ಲಬ್ಬು ಸೇರಿದ ಮ್ಯಾಕ್ಸ್ ಗಾನ್ ಎಂಬ ರಕ್‌ನವನು ಬಹುಕಾಲ ಮಾಗಿ, 2021ರಲ್ಲಿ ನಾಯಕನಾಗಿ ಆ ಕ್ಲಬ್ಬಿಗೆ 1964ರ ಬಳಿಕ ಮೊದಲ ಪ್ರಶಸ್ತಿಯನ್ನು ಗಳಿಸಿಕೊಟ್ಟನು.

ಇದನ್ನೆಲ್ಲ ಮೊಮ್ಮಗನಿಗೆ ವಿವರಿಸಿದೆನು. ರಕ್‌ನವನು ಬೇಡವೆಂದು ಯಾರೂ ಅವನನ್ನು ಬಿಡುವುದಿಲ್ಲ. ಹದಿನೆಂಟರಲ್ಲಿ ಅವನ ಗುಣ ಕಾಣದು, ತಡವಾಗಿ ಕರೆದರೂ ಒಬ್ಬನು ಸಿಕ್ಕಾನೆಂಬ ನೆಚ್ಚಿಕೆಯಿಂದ ಬಿಡುತ್ತಾರೆ. ಗೋಲು ಒದೆಯುವ ನೀಳಕಾಯನು ಹಾಗೆ ಸಿಗುವುದು ಅಪರೂಪ, ಆದುದರಿಂದ ಅವನಿಗಾಗಿ ಕೆಲವರಾದರೂ ಮುಂಚಿನ ಸರದಿಯನ್ನು ತೆರುತ್ತಾರೆ. 34 ಎಂಬುದು ಕ್ಲಬ್ಬುಗಳು ಅಂದು ಕಂಡದ್ದರ ಲೆಕ್ಕ, ಗಾನ್‌ನ ಲೆಕ್ಕವಲ್ಲ.

ಅವನು ಪೂರ್ತಿ ಒಪ್ಪಲಿಲ್ಲ. “ಗಾನ್ ಎಷ್ಟು ವರ್ಷ ಕಾದನು, ತಾತ?” ಎಂದನು. ಪ್ರಶಸ್ತಿಗೆ ಹನ್ನೆರಡು ಎಂದೆನು. ಬೆರಳಲ್ಲಿ ಎಣಿಸಿ ಸುಮ್ಮನಾದನು. ಮುಂದಿನ ಶನಿವಾರ ಮೊದಲರ್ಧ ರಕ್‌ನಲ್ಲಿ ನಿಂತು, ಉಳಿದರ್ಧಕ್ಕೆ ತನ್ನನ್ನು ನಡುವೆ ಬಿಡಬೇಕೆಂದು ತರಬೇತುದಾರನನ್ನು ಕೇಳಿಕೊಂಡನಂತೆ.